ಶಾಂತಕ್ಕನ ಲಾಗಿನ್

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೇ ಆಗುವುದಿಲ್ಲ. ಆದರೂ ಹೇಳುತ್ತಿದ್ದೇನೆ, ಇದು ನನ್ನ ಕಣ್ಣೆದುರೇ ನಡೆದದ್ದು.

ಶಿಕಾರಿಪುರದ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಅಲ್ಲಿನ ಹಿರಿಯ ನರ್ಸ್ ಶಾಂತಕ್ಕ ತೀರಿಕೊಂಡು ವರ್ಷವಾಗಿದ್ದರೂ ಉಳಿದ ನರ್ಸುಗಳೆಲ್ಲ ಅವರ ಹೆಸರಿನಲ್ಲೇ ಲಾಗಿನ್ ಆಗುತ್ತಿದ್ದರು. ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ! ಸತ್ತವರ ಹೆಸರಿನಲ್ಲಿ ರೋಗಿಗಳ ಜ್ವರ ಬರೆದಿಡುವ ದಡ್ಡಶಿಖಾಮಣಿಗಳು.

ನಾನು ಶಾಂತಕ್ಕನ ಲಾಗಿನ್ ಮುಚ್ಚಿದೆ. ಅವರವರ ಹುದ್ದೆಗೆ ತಕ್ಕ ಅನುಮತಿ ಕೊಟ್ಟೆ. ಡಾಕ್ಟರು ಬರೆಯಬಹುದು, ನರ್ಸುಗಳು ನೋಡಬಹುದು, ಅಷ್ಟೇ. ಕೈಬರಹದ ಚೀಟಿಗಳನ್ನೂ ನಿಲ್ಲಿಸಿಬಿಟ್ಟೆ.

ಅಂದು ರಾತ್ರಿ ಎಂಟಕ್ಕೆ ನರ್ಸ್ ಗೀತಾ ನನ್ನ ಕೋಣೆಗೆ ಓಡಿ ಬಂದಳು.

“ಸರ್, ಉಡುತಡಿಯಿಂದ ಬಂದಿರೋ ಹುಡ್ಗಿಗೆ ಡಾಕ್ಟರ್ ಬರೆದಿರೋ ಇಂಜೆಕ್ಷನ್ ಆಗಂಗಿಲ್ಲಂತ್ರೀ... ಹೋದ್ಸಲ ಉಸಿರೇ ಕಟ್ಟಿತ್ತಂತ ಅವ್ರವ್ವ ಹೇಳ್ತಾಳೆ. ಬರೆಯಾಕೆ ಹೋದ್ರೆ ಅನುಮತಿ ಇಲ್ಲ ಅಂತೈತಿ.”

“ಬರೆಯೋದು ಡಾಕ್ಟರ್ ಕೆಲ್ಸ. ನಿಂದು ನೋಡೋದು.”

“ಅವ್ರು ಆಪರೇಷನ್ನಾಗೆ ಅದಾರ್ರೀ. ನನ್ನ ಡ್ಯೂಟಿ ಮುಗೀತು, ಕೊನೇ ಬಸ್ಸು ಐತಿ. ಮುಂದಿನೋರು ಇನ್ನೂ ಬಂದಿಲ್ಲ, ಬಂದ್ಮೇಲೆ ಸ್ಕ್ರೀನ್ ನೋಡೇ ಚುಚ್ಚೋದು...”

“ಹೊರಗೆ ಬಂದ್ಮೇಲೆ ಅವ್ರೇ ಬರೀತಾರೆ. ಹೋಗಮ್ಮ.”

ಒಂದು ಸಾಲು ಬರೆಯಲು ಇಷ್ಟು ರಂಪ! ನಗು ಬಂತು.

ಸ್ವಲ್ಪ ಹೊತ್ತಿಗೆ... ಬೆನ್ನ ಹಿಂದೆ ಬೀಗದ ಕೈ ಗೊಂಚಲಿನ ಸದ್ದು. ಶಾಂತಕ್ಕ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವಾಗ ಬರುತ್ತಿದ್ದ ಸದ್ದು. ಅವರು ಮಂಡಿಗೆ ಹಚ್ಚುತ್ತಿದ್ದ ಮುಲಾಮಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ತಿರುಗಿದೆ. ಯಾರೂ ಇಲ್ಲ.

ಮತ್ತೆ ಸ್ಕ್ರೀನ್ ನೋಡಿದರೆ ಆ ಹುಡುಗಿಯ ಪುಟ ತೆರೆದಿತ್ತು. ಕೆಂಪಕ್ಷರದಲ್ಲಿ: ‘ಈ ಇಂಜೆಕ್ಷನ್ ಕೊಡಬೇಡಿ.’ ಬರೆದವರು, ಶಾಂತಕ್ಕ.

ವಾರ್ಡಿಗೆ ಓಡಿದೆ. ರಾತ್ರಿ ಪಾಳಿಯ ನರ್ಸ್ ತುಂಬಿದ ಸಿರಿಂಜನ್ನು ಟ್ರೇಗೆ ಹಾಕುತ್ತಿದ್ದಳು. “ಈಗ್ಲೇ ಕೆಂಪಗೆ ಬಂತ್ರೀ ಸರ್, ನಿಲ್ಸಿದೆ.” ಹುಡುಗಿ ಅವ್ವನ ಸೆರಗು ಹಿಡಿದು ಮಲಗಿದ್ದಳು.

ಗೀತಾಳ ಕಿತಾಪತಿಯೇ ಇರಬೇಕು ಎಂದುಕೊಂಡೆ. ಆದರೆ ಅವಳು ಬಸ್ಸು ಹತ್ತಿಯಾಗಿತ್ತು. ಮುಚ್ಚಿದ ಲಾಗಿನ್ ತೆರೆಯಲು ಬರುವುದೂ ನನಗೊಬ್ಬನಿಗೇ...

ಕೋಣೆಗೆ ಬಂದು ಅದನ್ನು ಮತ್ತೆ ಮುಚ್ಚಲು ಹೋದೆ. ನರ್ಸುಗಳಿಗೆಂದು ನಾನೇ ಬರೆದಿದ್ದ ಸಾಲು ಬಂತು: ‘ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ.’

ಬೆವರುತ್ತಾ ನರ್ಸುಗಳಿಗೆ ಬರೆಯುವ ಅನುಮತಿ ಕೊಟ್ಟು ನೋಡಿದೆ. ಅದಕ್ಕೆ ಮಾತ್ರ ತಕರಾರಿರಲಿಲ್ಲ.

ಶಾಂತಕ್ಕನ ಲಾಗಿನ್ ಇವತ್ತಿಗೂ ತೆರೆದೇ ಇದೆ. ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲು ನನಗೆ ಈಗ ಧೈರ್ಯವಿಲ್ಲ.