ಹಳೆಯ ಚೀಟಿ

ಮಾತ್ರೆಯ ಚಟ ಓದಿದವರಿಗೆ ಅಂಟುವುದಿಲ್ಲ ಎಂದು ನಂಜನಗೂಡಿನ ನಮ್ಮ ಕಾಲೇಜಿನಲ್ಲಿ ಎಲ್ಲರೂ ನಂಬಿದ್ದೆವು. ನಾನಂತೂ ಹೆಮ್ಮೆಯಿಂದ ನಂಬಿದ್ದೆ. ಬೆನ್ನಿನ ಸ್ನಾಯು ಹಿಡಿದುಕೊಂಡಾಗ ಡಾಕ್ಟರು ಹತ್ತು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನು ಅದೇ ಚೀಟಿಗೆ ನಾಲ್ಕು ತಿಂಗಳು ಮಾತ್ರೆ ಕೊಟ್ಟ. ಮೇಷ್ಟ್ರನ್ನು ಪ್ರಶ್ನೆ ಕೇಳುವುದು ಅವನ ಪ್ರಕಾರ ಮರ್ಯಾದೆಯಲ್ಲ.

ಪರೀಕ್ಷೆ ಡ್ಯೂಟಿಗೆಂದು ಟಿ. ನರಸೀಪುರದಲ್ಲಿ ಉಳಿದುಕೊಂಡಿದ್ದಾಗ, ತಂದಿದ್ದ ಮಾತ್ರೆ ಮುಗಿದು ಎರಡು ದಿನವಾಗಿತ್ತು. ಮೈ ಬೆವರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಸ್ಟೋರು ಕಂಡಿತು. ಅಲ್ಲಿದ್ದ ಹೆಂಗಸು ಚೀಟಿಯಲ್ಲಿ ಮೊದಲು ತಾರೀಖು ಓದಿದರು.

"ಇದು ಹಳೇದು ಸಾ. ಕೊಡಕ್ಕಾಗಲ್ಲ."

"ನಾನು ಲೆಕ್ಚರರ್ ಕಣಮ್ಮ, ಕುಡುಕನಲ್ಲ!"

"ಬೆಳಿಗ್ಗೆ ಗಾರೆ ಕೆಲ್ಸದೋರೊಬ್ರು ಬಂದಿದ್ರು. ಅವ್ರಿಗೂ ಇಲ್ಲ ಅಂದೆ. ಅವ್ರು ನಿಮ್ಮಷ್ಟು ಕೂಗಾಡ್ಲಿಲ್ಲ."

ಅವರು ವಾಪಸ್ಸು ಕೊಟ್ಟ ಚೀಟಿ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡೆ.

"ಬೆನ್ನು ಚೆನ್ನಾಗೇ ಬಗ್ತದಲ್ಲ ಸಾ. ನಡುಗ್ತಾ ಇರೋದು ಕೈ. ಆಸ್ಪತ್ರೆಗೋಗಿ ಡಾಕ್ಟ್ರ ಅತ್ರ ನಿಜ ಏಳಿ."

ಆಸ್ಪತ್ರೆಗೆ ಹೋದೆ, ನಿಜ ಹೇಳಿದೆ. ಡಾಕ್ಟರು ಒಂದೇ ಸಲಕ್ಕೆ ನಿಲ್ಲಿಸದೆ, ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡಿಸಿದರು. ಬಿಟ್ಟೆನಲ್ಲ ಎಂಬ ಹೆಮ್ಮೆ ನನಗಿದೆ. ಆ ಹೆಂಗಸಿನ ಬಗ್ಗೆ ಅದಕ್ಕಿಂತ ಹೆಚ್ಚು ಹೆಮ್ಮೆಯಿದೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಓದಿನ ಬಗ್ಗೆ ಮಾತ್ರ ಈಗ ಹೆಚ್ಚು ಮಾತಾಡುವುದಿಲ್ಲ.

ನಾನು ಕಲಿಸುವುದು ರಸಾಯನಶಾಸ್ತ್ರ.