ಅಪ್ಪ ಪಳಗಿಸಿದ ಗ್ರಿಲ್

ಎದುರುಮನೆಯವರು ಜೆ.ಪಿ. ನಗರ ಬಿಟ್ಟು ತಲಘಟ್ಟಪುರಕ್ಕೆ ಹೋಗುವಾಗ ತಮ್ಮ ಗ್ಯಾಸ್ ಗ್ರಿಲ್ಲನ್ನು ನಮ್ಮ ತಾರಸಿಗೆ ದಾಟಿಸಿ ಹೋದರು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಅಪ್ಪ ಆಗಷ್ಟೇ ರಿಟೈರ್ ಆಗಿದ್ದರು. ಅಲ್ಲಿಯವರೆಗೆ ಅವರು ಅಡುಗೆಮನೆಗೆ ಬರುತ್ತಿದ್ದುದು ಕಾಫಿ ಆಯ್ತಾ ಎಂದು ಕೇಳುವುದಕ್ಕೆ ಮಾತ್ರ. ಗ್ರಿಲ್ ಬಂದದ್ದೇ ತಡ, ಪ್ರತಿ ಭಾನುವಾರ ಜಯನಗರದ ನಾಲ್ಕನೇ ಬ್ಲಾಕಿನಿಂದ ಗುಂಡು ಬದನೆಕಾಯಿ ತಂದು ಸುಟ್ಟು, ಅಮ್ಮನಿಗೆಂದು ಗೊಜ್ಜು ಮಾಡತೊಡಗಿದರು. ನಳಪಾಕ ಎಂದು ನಾನು ರೇಗಿಸುತ್ತಿದ್ದೆ. ಅಮ್ಮ ರೇಗಿಸುತ್ತಿರಲಿಲ್ಲ, ತಟ್ಟೆ ಹಾಕಿಕೊಂಡು ಮೊದಲೇ ಕೂತುಬಿಡುತ್ತಿದ್ದಳು.

ಗ್ರಿಲ್ಲಿನ ಸರಳುಗಳನ್ನು ಅಪ್ಪ ತೊಳೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ದೋಸೆ ಕಾವಲಿಗೆ ಸೋಪು ಸೋಕಿಸುವುದೆಂದರೆ ಮಹಾಪಾಪ. ಅದೇ ಶಾಸ್ತ್ರವನ್ನು ಅಪ್ಪ ತಾರಸಿಗೂ ಹತ್ತಿಸಿದ್ದರು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಧಾರಾಳವಾಗಿ ಸವರಿ, "ಪಳಗ್ಲಿ ಬಿಡು, ಕಬ್ಬಿಣ ಪಳಗಿದಷ್ಟೂ ರುಚಿ" ಎನ್ನುತ್ತಿದ್ದರು. ಎಣ್ಣೆಯ ಮೇಲೆ ಬದನೆಯ ರಸ, ಅದರ ಮೇಲೆ ಮತ್ತೆ ಎಣ್ಣೆ ಸುಟ್ಟು ಸುಟ್ಟು ಸರಳುಗಳಿಗೆ ಡಾಂಬರಿನಂತೆ ಕರಿ ಕಟ್ಟಿತು.

ಬದನೆಕಾಯಿ ಎಂದರೆ ಓಡುವ ನಾನು ಒಂದು ಭಾನುವಾರ ಅಪ್ಪನ ಒತ್ತಾಯಕ್ಕೆ ಒಂದು ತುತ್ತು ಬಾಯಿಗಿಟ್ಟೆ. ಕಡುಕಹಿ! ಹಲ್ಲಿನ ಸಂದಿಯಲ್ಲಿ ಕರಿಯ ಚೂರು ಬೇರೆ.

"ಥೂ, ಇದು ಗೊಜ್ಜಾ, ಇದ್ದಿಲಾ?" ಎಂದುಬಿಟ್ಟೆ.

ನಶ್ಯ ಏರಿಸಿ ಏರಿಸಿ ಅಪ್ಪನ ಮೂಗು, ನಾಲಿಗೆ ಎರಡೂ ಅವರಿಗಿಂತ ಮೊದಲೇ ರಿಟೈರ್ ಆಗಿದ್ದವು. ಕಹಿ ಅವರಿಗೆ ಗೊತ್ತೇ ಆಗಿರಲಿಲ್ಲ. ಮುಖ ಸಪ್ಪಗಾಯಿತು. "ಸರಿ, ಇನ್ಮೇಲೆ ಮಾಡಲ್ಲ" ಎಂದು ಎದ್ದುಹೋದರು.

ಅಮ್ಮ ನನ್ನ ಕಡೆ ತಿರುಗಿದಳು. "ನಿನ್ ಬಾಯಿಗಿಷ್ಟು ಮಣ್ಣು ಹಾಕ! ಹೋಗು, ಆ ಗ್ರಿಲ್ಲನ್ನ ನೀನೇ ಸರಿಮಾಡು."

ಗ್ರಿಲ್ಲಿನ ಮುಚ್ಚಳ ಹಾಕಿ ಉರಿಯನ್ನು ಪೂರ್ತಿ ಏರಿಸಿದೆ. ಹೊಗೆ ನಿಂತ ಮೇಲೆ ಆರಿಸಿ, ಸರಳು ಬೆಚ್ಚಗಿರುವಾಗಲೇ ತೆಂಗಿನ ನಾರಿನಿಂದ ತಿಕ್ಕಿದೆ. ಮೇಲಿನ ಪದರ ಬೂದಿಯಾಗಿ ಉದುರಿತು. ಒಳಗಿನದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅಡುಗೆ ಸೋಡಾ ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ಸಂಜೆ ಮತ್ತೆ ತಿಕ್ಕಿದಾಗ ಚಕ್ಕೆ ಚಕ್ಕೆಯಾಗಿ ಎದ್ದುಬಂತು. ರಟ್ಟೆ ಬಿದ್ದುಹೋಯಿತು. ಬೂದುಬಣ್ಣದ ಬರಿಯ ಕಬ್ಬಿಣ ನೋಡಿ ಅಪ್ಪ ಮೆಲ್ಲಗೆ, "ಪಳಗಿದ್ದೆಲ್ಲ ಹೋಯ್ತಲ್ಲ" ಎಂದರು.

ಅಷ್ಟರಲ್ಲಿ ಅಮ್ಮ ಅರ್ಧ ಈರುಳ್ಳಿ, ಎಣ್ಣೆ ಬಟ್ಟಲು, ಹಳೇ ಬಟ್ಟೆ ಹಿಡಿದು ಮೇಲೆ ಬಂದಳು. ಸರಳುಗಳನ್ನು ಉರಿಯಲ್ಲಿ ಒಣಗಿಸಿ, ಎಣ್ಣೆ ತೆಳ್ಳಗೆ ಸವರಿ, ತಕ್ಷಣ ಒರೆಸಿದಳು.

"ಸವರಿದ್ಮೇಲೆ ಒರೆಸ್ಬೇಕು ರೀ. ಎಣ್ಣೆ ನಿಂತ್ರೆ ಅದು ಪಳಗೋದಲ್ಲ, ಕರಿ ಕಟ್ಟೋದು."

ಅಪ್ಪ ಅವಳನ್ನೇ ನೋಡಿದರು. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಆ ಕಹೀನೇ ತಿಂದ್ಯಾ?"

ಅಮ್ಮ ಬಟ್ಟೆ ಮಡಿಸುತ್ತ ಹೇಳಿದಳು: "ಮದುವೆ ಆದಾಗಿಂದ ನನಗೆ ಅಂತ ಯಾರೂ ಒಲೆ ಹಚ್ಚಿರ್ಲಿಲ್ಲ. ಹೇಳಿದ್ರೆ ನೀವು ನಿಲ್ಸಿಬಿಡ್ತೀರ ಅಂತ ಸುಮ್ನಿದ್ದೆ."

ಅಪ್ಪ ಕೆಳಗೆ ಹೋಗಿ, ಉಳಿದಿದ್ದ ಒಂದು ಬದನೆಕಾಯಿ ತಂದು ಸರಳುಗಳ ಮೇಲಿಟ್ಟರು.

"ಈ ಸಲ ಕಹಿ ಇದ್ರೆ ಹೇಳು" ಎಂದರು ಅಮ್ಮನಿಗೆ. "ನಿಲ್ಸಲ್ಲ."