ಗಂಡನ ಪಕ್ಕದ ಫೋಟೊ

ಮಾನ್ವಿಯ ನನ್ನ ಫೋಟೊ ಸ್ಟುಡಿಯೊಗೆ ಕಲ್ಲೂರಿನ ಮುದುಕಿಯೊಬ್ಬಳು ಹರೆಯದಲ್ಲೇ ಸತ್ತ ಗಂಡನ ಫೋಟೊ ಹಿಡಿದು ಬಂದಳು. ತನ್ನದನ್ನೂ ತೆಗೆದು ಅವನ ಜೋಡಿ ಒಂದೇ ಫ್ರೇಮಿನಲ್ಲಿ ಕೂಡಿಸಬೇಕಂತೆ.

"ನನ್ನ ವಯಸ್ಸು ಇಳಿಸಪ್ಪಾ. ನಾಳೆ ಮ್ಯಾಲ ಹೋದಾಗ ಮಂದಿ ನಮ್ಮನ್ನ ತಾಯಿ-ಮಗ ಅನಬಾರ್ದು."

ವಿಚಾರವಂತನೆಂಬ ಜಂಬ ನನಗೆ. "ಯವ್ವಾ, ಸತ್ತ ಮ್ಯಾಲ ಏನೂ ಇಲ್ಲ," ಎಂದೆ.

"ಇಲ್ಲದಿದ್ರ ನಿನಗೇನು ಲುಕ್ಸಾನು? ಇದ್ರ ನನ್ನ ಮರ್ಯಾದಿ ಹೋಗ್ತದ."

ಅವಳ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಸುಕ್ಕುಗಳನ್ನೆಲ್ಲ ಅಳಿಸಿದೆ. ಮುದುಕಿ ನೋಡಿ ಸಿಟ್ಟಾದಳು. "ಇಕಿ ಯಾರಲೇ? ಅಂವ ಇಕಿ ಹಿಂದ ಹೋದ್ರ ಏನ್ ಮಾಡ್ಲಿ? ನನ್ನ ಮಾರಿ ನನಗ ಕೊಡು!"

ಸುಕ್ಕುಗಳನ್ನು ಮತ್ತೆ ತಂದೆ. ಪರಲೋಕವನ್ನು ನಂಬದ ನಾನು, ಅವನಿಗೆ ಗುರುತು ಸಿಗಲೆಂದು, ಅವಳ ಗದ್ದದ ಮೇಲೆ ಮಾಸಿದ್ದ ಹಚ್ಚೆಯನ್ನೂ ಒಂದಿಷ್ಟು ಕಪ್ಪು ಮಾಡಿದೆ.